ಸ್ಪ್ರಿಂಗು ಬಿದ್ದ ಜಾಗ

ಡೆಲ್ಬರ್ಟನ ಹೆಬ್ಬೆರಳ ಕೆಳಗಿನಿಂದ ಸ್ಪ್ರಿಂಗು ಜಾರಿ, ಟ್ಯೂಬ್‌ಲೈಟಿಗೆ ಬಡಿದು, ಗ್ಯಾರೇಜಿನ ಯಾವುದೋ ಮೂಲೆಯಲ್ಲಿ ‘ಟಿಂಗ್’ ಎಂದು ಬಿತ್ತು.

“ಥೂ, ಇದರ ಮನೆ ಹಾಳಾಗ!” ಎಂದು ಅವನು ಕೂಗಿದ. ಉಗುರಿನಷ್ಟೂ ಉದ್ದವಿಲ್ಲದ ಸ್ಪ್ರಿಂಗು. ಅದಿಲ್ಲದೆ ಗೆಳೆಯ ರಸೆಲ್‌ನ ರೈಫಲ್ಲು ಸುಟ್ಟ ತೋಟೆಯನ್ನು ಹೊರಕ್ಕೆ ಉಗುಳುವುದಿಲ್ಲ. ಸೋಮವಾರ ಜಿಂಕೆ ಬೇಟೆಯ ಮೊದಲ ದಿನ. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಅಂದು ಶಾಲೆಗೂ ರಜೆ.

“ನಿನ್ನ ಕೈಗೆ ಕೊಡೋ ಬದಲು ನನ್ನ ಮೊಮ್ಮಗಳ ಕೈಗೆ ಕೊಟ್ಟಿದ್ರೆ ವಾಸಿ ಇತ್ತು” ಎಂದ ರಸೆಲ್, ಕೂತ ಸ್ಟೂಲಿನಿಂದ ಏಳದೆ.

“ಬಾಯಿ ಮುಚ್ಕೊಂಡು ಹುಡುಕು. ಮೊದ್ಲು ಆ ನಳಿಗೆ ಮೇಲಿಂದ ಕೈ ತೆಗಿ, ಬೆವರು ಮೆತ್ತಿ ತುಕ್ಕು ಹಿಡಿಯುತ್ತೆ.”

ಡೆಲ್ಬರ್ಟ್ ಹೆಗಲ ಮೇಲಿನ ಎಣ್ಣೆಬಟ್ಟೆಯಿಂದ ರಸೆಲ್ ಮುಟ್ಟಿದ ಜಾಗವನ್ನು ಒರೆಸಿದ. ಆ ಗ್ಯಾರೇಜಿನಲ್ಲಿ ಯಾರು ಬಂದೂಕು ಮುಟ್ಟಿದರೂ ಹಿಂದೆಯೇ ಆ ಬಟ್ಟೆ ಬರುತ್ತಿತ್ತು. ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದ ಹಳೆಯ ಕೋವಿಗಳಲ್ಲಿ ಒಂದರ ಮೇಲೆ ತುಕ್ಕಿನ ಚುಕ್ಕೆ ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಆ ಅತಿ ಮುತುವರ್ಜಿಯೇ ಈಗ ಅವನಿಗೆ ಮುಳುವಾಗಿತ್ತು.

ಹೆಂಡತಿ ಓಪಲ್‌ಳ ಹುಟ್ಟುಹಬ್ಬಕ್ಕೆಂದು, ಅವಳಿಗೆ ಒಂದು ಮಾತೂ ಹೇಳದೆ, ಅವಳಪ್ಪನ ಒಂಟಿ ನಳಿಗೆಯ ಕೋವಿಯನ್ನು ಉಜ್ಜಿ, ಉಕ್ಕಿಗೆ ಹೊಸದಾಗಿ ನೀಲಿಗಪ್ಪು ಬಣ್ಣ ಏರಿಸಿ, ಅಂಗಡಿಯಿಂದ ಈಗಷ್ಟೇ ತಂದಂತೆ ಮಾಡಿಟ್ಟಿದ್ದ. ಕಲ್ಲಿದ್ದಲು ಗಣಿಯ ಪಾಳಿ ಮುಗಿಸಿ ಬಂದ ಅಪ್ಪ ಆ ಕೋವಿಯನ್ನು ಯಾವಾಗಲೂ ಒಂದೇ ಜಾಗದಲ್ಲಿ ಹಿಡಿದು ಗುಡ್ಡ ಹತ್ತುತ್ತಿದ್ದ. ಹಿಡಿದೂ ಹಿಡಿದೂ ಅಲ್ಲಿ ಬಣ್ಣ ಸವೆದು ಉಕ್ಕು ಬೆಳ್ಳಗಾಗಿತ್ತು. ಹಿಂದೆ ನಡೆಯುತ್ತಿದ್ದ ಪುಟ್ಟ ಓಪಲ್‌ಳ ಕಣ್ಣಿಗೆ, ಅಪ್ಪ ಕೈ ಬದಲಿಸಿದಾಗಲೆಲ್ಲ ಆ ಬಿಳಿ ಮಚ್ಚೆ ಮಿಂಚಿ ಮರೆಯಾಗುತ್ತಿತ್ತು. ಅಪ್ಪ ಹೋದ ಮೇಲೂ ಮಚ್ಚೆ ಉಳಿದಿತ್ತು. ಅದನ್ನೇ ಈ ಪುಣ್ಯಾತ್ಮ ಪ್ರೀತಿಯಿಂದ ಅಳಿಸಿಹಾಕಿದ್ದ. ಸುತ್ತಿದ ಕಾಗದ ಬಿಚ್ಚಿ ನೋಡಿದ ಓಪಲ್, ಕೋವಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂದಿನಿಂದ ಅವನೊಡನೆ ಮಾತಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಅಷ್ಟೇ.

ಮುದುಕರಿಬ್ಬರೂ ನೆಲದ ಮೇಲೆ ಅಂಬೆಗಾಲಿಕ್ಕಿದರು. ಹುಡುಕುತ್ತಲೇ ಡೆಲ್ಬರ್ಟನಿಗೆ ಹಳೆಯದು ನೆನಪಾಯಿತು. ಹೊಸದಾಗಿ ಮದುವೆಯಾದಾಗ ಓಪಲ್ ಇದೇ ಸ್ಟೂಲಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು, ರೇಡಿಯೊ ಮೆಲ್ಲಗೆ ಹಾಡುತ್ತಿತ್ತು. ಅವನ ಕೈಯಿಂದ ಸ್ಪ್ರಿಂಗು ಹಾರಿದರೆ, ತಲೆ ಕೂಡ ಎತ್ತದೆ, “ಎಡಕ್ಕೆ, ಗರಗಸದ ಕೆಳಗೆ” ಎನ್ನುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. “ಈ ಕಿವಿ ನೋಡೇ ನಿನ್ನ ಕಟ್ಕೊಂಡಿದ್ದು” ಎಂದು ಅವನು ಛೇಡಿಸಿದರೆ, “ಕಣ್ಣೂ ಅಷ್ಟೇ ಚೆನ್ನಾಗಿದ್ದಿದ್ರೆ ನಾನು ನಿನ್ನ ಕಟ್ಕೋತಿದ್ನಾ?” ಎನ್ನುತ್ತಿದ್ದಳು. ಎಷ್ಟು ಒಳ್ಳೆಯ ದಿನಗಳು ಅವು!

“ಪೇಂಟ್ ಡಬ್ಬಗಳ ಹಿಂದೆ.”

ಇಬ್ಬರೂ ತಲೆ ಎತ್ತಿದರು. ದನಿ ಅಡುಗೆಮನೆಯ ತೆರೆದ ಬಾಗಿಲಿನಿಂದ ಬಂದಿತ್ತು. ರಸೆಲ್ ತೆವಳಿ ಹೋಗಿ ಡಬ್ಬಗಳನ್ನು ಸರಿಸಿದ. ಸ್ಪ್ರಿಂಗು ಅಲ್ಲೇ ಇತ್ತು.

ಡೆಲ್ಬರ್ಟ್ ಮತ್ತೆ ಮೇಜಿನ ಮುಂದೆ ನಿಂತು ಸ್ಪ್ರಿಂಗನ್ನು ಅದರ ತೂತಿಗಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದ. ಇನ್ನೊಂದು ಪಿನ್ನು ತೂರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ರಸೆಲ್ ನೋಡುತ್ತಿದ್ದಂತೆಯೇ ಅವನು ಬೆರಳನ್ನು ಮೆಲ್ಲಗೆ ಎತ್ತಿಬಿಟ್ಟ.

ಟಿಂಗ್!

ಡೆಲ್ಬರ್ಟ್ ನೆಲ ನೋಡಲಿಲ್ಲ, ಬಾಗಿಲು ನೋಡುತ್ತ ನಿಂತ. ಒಳಗೆ ನಲ್ಲಿಯ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಓಪಲ್ ಹೊಸ್ತಿಲಿಗೆ ಬಂದಳು.

“ಫ್ರೀಜರ್ ಅಡಿಗೆ ಹೋಯ್ತು” ಎಂದಳು. “ಮೊದಲನೇದು ಜಾರಿತ್ತು. ಇದನ್ನ ನೀನೇ ಬಿಟ್ಟೆ.”

“ಅದು ಹೇಗೆ ಗೊತ್ತಾಯ್ತು?” ಎಂದ ರಸೆಲ್.

“ಜಾರಿದ್ರೆ ಬೈತಾನೆ. ಈಗ ಬೈಲಿಲ್ಲ.”

ಡೆಲ್ಬರ್ಟ್ ತಲೆ ತಗ್ಗಿಸಿದ. “ಇನ್ನೇನು ಮಾಡ್ಲಿ ಓಪಲ್? ತಪ್ಪಾಯ್ತು ಅಂತ ಈ ಗೋಡೆಗೆ ಹೇಳಿ ಹೇಳಿ ಸಾಕಾಯ್ತು. ನೀನು ಹೂಂ ಅಂದ್ರೆ ಆ ಜಾಗದಲ್ಲಿ ಮತ್ತೆ ಉಜ್ಜಿ ಬೆಳ್ಳಗೆ ಮಾಡಿಕೊಡ್ತೀನಿ.”

“ಮುಟ್ಟಿ ನೋಡು, ಕೈ ಮುರೀತೀನಿ! ನಮ್ಮಪ್ಪನ ಕೈ ನಿನ್ನ ಉಪ್ಪುಕಾಗದದಲ್ಲಿ ಇದೆಯಾ?”

ಅವಳು ಗೋಡೆಯ ಬಳಿ ಹೋಗಿ ಅಪ್ಪನ ಕೋವಿಯನ್ನು ಎತ್ತಿಕೊಂಡಳು. ಅಪ್ಪ ಕಲಿಸಿದಂತೆ ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆದು, ಒಳಗೆ ತೋಟೆ ಇಲ್ಲವೆಂದು ನೋಡಿ, ರಸೆಲ್ ಬಿಟ್ಟೆದ್ದಿದ್ದ ಸ್ಟೂಲಿನ ಮೇಲೆ ಕುಳಿತಳು. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ತಡವುತ್ತ ತಡವುತ್ತ ಒಂದು ಜಾಗದಲ್ಲಿ ಕೈ ನಿಲ್ಲಿಸಿದಳು. “ಇಲ್ಲೇ ಹಿಡೀತಿದ್ದ” ಎಂದು, ಆ ಒದ್ದೆ ಕೈಯಿಂದಲೇ ಹೊಳೆಯುವ ಉಕ್ಕನ್ನು ಬಿಗಿಯಾಗಿ ಹಿಡಿದಳು. ಬೆರಳ ಸಂದಿಯಿಂದ ಒಂದು ಹನಿ ನೀರು ನಳಿಗೆಯ ಮೇಲೆ ಹರಿಯಿತು.

ಡೆಲ್ಬರ್ಟನ ಕೈ ತಾನಾಗಿಯೇ ಹೆಗಲ ಮೇಲಿನ ಎಣ್ಣೆಬಟ್ಟೆಗೆ ಹೋಯಿತು.

ಡೆಲ್ಬರ್ಟ್ ಆ ಬಟ್ಟೆಯನ್ನು ಮಡಿಸಿ, ಮೇಜಿನ ಡ್ರಾಯರಿನೊಳಗೆ ಹಾಕಿ, ಮುಚ್ಚಿದ.