ಮೂರನೆಯ ಕೂಗು

ಸುನಿತಾ ಮೊಳಕಾಲುದ್ದ ನೀರಿಗೆ ಇಳಿದೇಬಿಟ್ಟಳು. ಗುಂಡಿಗೆ ಇನ್ನು ಹತ್ತೇ ಹೆಜ್ಜೆ.

ಗುಂಡಿಯ ಆಚೆ, ಜೊಂಡಿನ ಮರೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿದ್ದ ವಾಣಿಶ್ರೀ ಅದನ್ನು ನೋಡಿದಳು. ಕೊರ್ಲಹಳ್ಳಿಯ ಹೊಳೆಯ ಮೇಲೆ ನಸುಕಿನ ಮಂಜು ಇನ್ನೂ ಕರಗಿರಲಿಲ್ಲ. ಬೇಸಿಗೆಯಲ್ಲಿ ಯಾರೋ ಮರಳು ತೋಡಿಕೊಂಡು ಹೋದ ಗುಂಡಿ ಅದು. ಮೇಲೆ ನೀರು ಸಾಧುವಾಗಿ ಕಾಣುತ್ತದೆ. ಒಳಗೆ ಎರಡಾಳು ಆಳ; ಅಂಚು ಮೆಟ್ಟಿದರೆ ಕುಸಿಯುತ್ತದೆ. ವಾಣಿಶ್ರೀಗೂ ಅದು ಗೊತ್ತಾದದ್ದು ಮೆಟ್ಟಿದ ಮೇಲೆಯೇ. ಅವತ್ತು ಸುನಿತಾ ಬಂದಿರಲಿಲ್ಲ.

ದಂಡೆಯ ಕಲ್ಲಿನ ಮೇಲೆ ಸುನಿತಾಳ ಚಿಕ್ಕಮ್ಮ ಹನಮಂತವ್ವ ಶಾಲು ಬಿಗಿಯಾಗಿ ಸುತ್ತಿಕೊಂಡಳು. "ಬೆಚ್ಚಗ ಕೌದಿ ಹೊಚಗೊಂಡು ಮಲಗೂದು ಬಿಟ್ಟು ಎಮ್ಮಿ ಗತೆ ನೀರಾಗ ಬೀಳೂದು! ಈ ಚಟಾ ಯಾರು ಹಚ್ಚಿದ್ರಲೇ ನಿನಗ?"

"ವಾಣಿ."

"ಹಚ್ಚಿದಾಕಿ ಎಲ್ಲದಾಳ? ಮದವಿ ಒಲ್ಲೆ ಅಂತ ಚೀಟಿ ಬರದಿಟ್ಟು ಹಾರಿ ಹೋದ್ಲು."

"ಹಂಗ ಅನಬ್ಯಾಡ ಚಿಗವ್ವ. ಧಾರವಾಡದಾಗ ಗೆಳತ್ಯಾರ ರೂಮಿನ್ಯಾಗ ಇರಬೇಕು." ಸುನಿತಾಳ ದನಿ ಸಣ್ಣಗಾಯಿತು. "ಆದ್ರ ನನಗರ ಒಂದು ಫೋನ್ ಮಾಡಬಾರದನು? ಎಂಟು ದಿನಾ ಆತು."

ವಾಣಿಶ್ರೀಗೆ ಎಲ್ಲ ಕೇಳಿಸಿತು. ಅದು ಚೀಟಿಯಲ್ಲ, ಅವಳ ಡೈರಿಯ ಪುಟ. ಮುಚ್ಚಲು ಮರೆತು ಈಜಲು ಬಂದಿದ್ದಳು, ಅಷ್ಟೇ. ಹೇಳಬೇಕೆನಿಸಿತು. ಆದರೆ ಅವಳು ಮೊದಲಿನಿಂದಲೂ ಮಾತು ನುಂಗುವವಳು. ಮೊದಲೆಲ್ಲ ಈ ಚಳಿಗೆ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಈಗ ಅದೂ ಇಲ್ಲ; ನೀರು ರೂಢಿಯಾಗಿತ್ತು.

ಸುನಿತಾ ಮತ್ತೆರಡು ಹೆಜ್ಜೆ ಇಟ್ಟಳು. ಇನ್ನು ಸುಮ್ಮನಿರುವಂತಿರಲಿಲ್ಲ. ವಾಣಿಶ್ರೀ 'ಗುಂಡಿ' ಎನ್ನಲು ಹೋದಳು. ನಾಲಿಗೆಗೆ ಬಂದದ್ದು ಹೆಸರು.

"ಸುನೀ..."

ಸುನಿತಾ ಗಕ್ಕನೆ ನಿಂತಳು. ಮುಖ ಅರಳಿತು. "ಚಿಗವ್ವಾ, ವಾಣಿ ದನಿ! ಇಲ್ಲೇ ಅಡಗ್ಯಾಳ ಕಳ್ಳಿ!" ಎಂದವಳೇ ದನಿ ಬಂದ ಕಡೆಗೆ, ನೇರ ಗುಂಡಿಯತ್ತಲೇ, ನೀರು ಸೀಳುತ್ತ ಹೊರಟಳು. ಎಂಟು ಹೆಜ್ಜೆ. ಆರು. ನಾಲ್ಕು.

ಬರಬೇಡ ಎನ್ನಲು ವಾಣಿಶ್ರೀ ಒದ್ದಾಡಿದಳು. ಮತ್ತೆ ಅದೇ ಹೊರಟಿತು.

"ಸುನೀ..."

"ನಿಂದರಲೇ!" ಹನಮಂತವ್ವ ಕಲ್ಲು ಬಿಟ್ಟು ಎದ್ದಳು. "ಓ ಅನಬ್ಯಾಡ. ಒಂದ ಹೆಜ್ಜಿ ಮುಂದ ಇಡಬ್ಯಾಡ. ನಸಕಿನ್ಯಾಗ ಹೊಳಿ ಕಡಿಂದ ಕರದ್ರ ಮೂರನೇ ಸಲಕ್ಕ ಓಗೊಡಬೇಕು. ಖರೇನ ಆಕೀನ ಇದ್ರ ಇನ್ನೊಮ್ಮಿ ಕರೀತಾಳ."

"ಆಕಿ ನನ್ನ ಗೆಳತಿ ಚಿಗವ್ವ..."

"ಗೆಳತಿ ಇದ್ರ ಮೂರು ಸಲ ಕರಿಯಾಕ ಆಕೀಗೇನು ದಾಡಿ?"

ಗುಂಡಿಯ ಅಂಚಿಗೆ ಒಂದೇ ಹೆಜ್ಜೆ ಬಾಕಿಯಿದ್ದಾಗ ಸುನಿತಾ ನಿಂತಳು. ಕಿವಿಗೊಟ್ಟು ಕಾದಳು. ಮಂಜು ಅಲುಗಲಿಲ್ಲ.

ವಾಣಿಶ್ರೀ ಬಾಯಿ ತೆರೆದಳು. ಹುಟ್ಟಿದಾಗಿನಿಂದ ನುಂಗಿದ ದನಿಯನ್ನೆಲ್ಲ ಒಟ್ಟುಗೂಡಿಸಿ, ಗಂಟಲು ಹರಿಯುವಂತೆ ಕೂಗಿದಳು.

ಸುನಿತಾಳ ಮುಖದ ನಗು ಮೆಲ್ಲಗೆ ಇಳಿಯಿತು. ತುಟಿ ಬಿಳಿಚಿದವು. ಮರುಗಳಿಗೆ ಕಿಟಾರನೆ ಕಿರುಚಿ ತಿರುಗಿದಳು. ಬಿದ್ದಳು, ಎದ್ದಳು, ದಂಡೆಗೆ ಓಡಿ ಚಿಗವ್ವನನ್ನು ತಬ್ಬಿಕೊಂಡಳು. ಉಳಿದಳು.

ಎಂಟು ದಿನದಿಂದ ಗುಂಡಿಯ ತಳದಲ್ಲಿ ಮರಳು ತುಂಬಿಕೊಂಡು ಬಿದ್ದಿದ್ದ ಆ ಬಾಯಿಂದ ಮೂರನೆಯ ಕೂಗು ಹೊರಟಿರಲೇ ಇಲ್ಲ.