ಇಪ್ಪತ್ತು ನಿಮಿಷ

"ಅಜ್ಜೀ, ಇನ್ನು ಇಪ್ಪತ್ತೇ ನಿಮಿಷ ಐತೆ. ಬೇಗ ಹೇಳು, ಇಂಗ್ಲೆಂಡೋ ಆಸ್ಟ್ರೇಲಿಯಾನೋ?"

ಚಂದ್ರಲೇಖಾ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಪ್ಯಾಕಿಂಗ್ ಶೆಡ್ಡಿನೊಳಗೆ ನುಗ್ಗಿದ್ದಳು. ಹೊಸೂರಿನ ಬಳಿಯ ಬಾಗಲೂರಿನ ಹೊರಗಿದ್ದ ಆ ಗುಲಾಬಿ ತೋಟದಲ್ಲಿ ಹೂ ವಿಂಗಡಿಸಿ ಕಂತೆ ಕಟ್ಟುವುದು ಅವಳ ಅಜ್ಜಿ ಪಿಳ್ಳಮ್ಮನ ಹದಿನಾಲ್ಕು ವರ್ಷದ ಕೆಲಸ. ಅಜ್ಜಿ ಆಗಷ್ಟೇ ಕೆಂಪು ಗುಲಾಬಿಯ ಕಂತೆಗಳನ್ನು ನೀಲಿ ಟಬ್ಬಿನ ಔಷಧಿಯಲ್ಲಿ ಕತ್ತಿನವರೆಗೆ ಅದ್ದಿ, ಗೋಡೆಯ ಅಲಾರಂ ತಿರುಗಿಸಿ ನಿಂತಿದ್ದಳು. ಅದೂ ಇಪ್ಪತ್ತು ನಿಮಿಷಕ್ಕೇ.

ಮೊಮ್ಮಗಳ ಮುಖ ಬಾಡಿತ್ತು. ಎರಡು ದಿನದಿಂದ ಹುಡುಗಿಗೆ ಅನ್ನ ಸೇರಿಲ್ಲ. ವಕೀಲಿ ಓದಲು ಎರಡು ದೇಶದ ಕಾಲೇಜುಗಳಿಂದ ಕರೆ ಬಂದಿತ್ತು. ಓದಿಸುವ ಟ್ರಸ್ಟಿನವರಿಗೆ ಇವತ್ತು ಸಂಜೆ ಐದರೊಳಗೆ ಫೋನಿನಲ್ಲೇ ಒಂದು ದೇಶ ಒತ್ತಿ ತಿಳಿಸಬೇಕು. ಒತ್ತಿದ ಮೇಲೆ ಬದಲಾಯಿಸುವಂತಿಲ್ಲ. ಒತ್ತದಿದ್ದರೆ ಎರಡೂ ಇಲ್ಲ.

"ನಿಮ್ಮಪ್ಪ ಏನಂದ?"

"ಅಜ್ಜೀನ ಕೇಳು ಅಂದ್ಬುಟ್ಟು ಸೆಕೆಂಡ್ ಶಿಫ್ಟಿಗೆ ಹೋದ್ರು."

ಮಗ ರಾಮಮೂರ್ತಿ ಯಾವತ್ತೂ ಹಾಗೆಯೇ. ಹಸು ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಕೊನೆಯ ಮಾತು ಅವ್ವನದೇ ಆಗಬೇಕು. ಪಿಳ್ಳಮ್ಮ ಬೆರಳು ತೋರಿಸಿದ ಕಡೆ ಬೋರು ಕೊರೆಸಿದಾಗ ನೀರು ಚಿಮ್ಮಿದ್ದೇ ಚಿಮ್ಮಿದ್ದು, ಅಂದಿನಿಂದ ಆ ಮನೆಯಲ್ಲಿ ಅವಳನ್ನು ಕೇಳದೆ ಒಂದು ಕಡ್ಡಿ ಅಲುಗುತ್ತಿರಲಿಲ್ಲ. ಆದರೆ ದೇಶ ಆರಿಸುವುದೆಂದರೆ ಬೋರಿಗೆ ಜಾಗ ತೋರಿಸಿದ ಹಾಗೆಯೇ? ಅವಳು ಬಸ್ಸು ಹತ್ತಿ ನೋಡಿದ್ದ ಅತಿ ದೂರದ ಊರು ತಿರುಪತಿ.

ಹಾಗಂತ ಅವಳಿಗೆ ದೇಶಗಳ ಗುರುತೇ ಇಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿಗೆ ಹೋಗುವ ಹೂವನ್ನು ನೀರು ಕುಡಿಸಿ ಪೆಟ್ಟಿಗೆಗೆ ತುಂಬಿದರೆ ಮುಗಿಯಿತು. ಆಸ್ಟ್ರೇಲಿಯಾಕ್ಕೆ ಹೋಗುವ ಹೂವಿಗೆ ಮಾತ್ರ ಈ ನೀಲಿ ಟಬ್ಬು. ಕಳೆ ಸಾಯಿಸುವ ಔಷಧಿಯಲ್ಲಿ ಕಡ್ಡಿ ಇಪ್ಪತ್ತು ನಿಮಿಷ ನೆನೆಯಲೇಬೇಕು, ಅದು ಆ ದೇಶದವರ ಕಟ್ಟಳೆ. ಯಾಕೆಂದು ಸೂಪರ್‌ವೈಸರ್ ವನಿತಾ ಮೊದಲ ದಿನವೇ ತಮಿಳಿನಲ್ಲಿ ಬಿಡಿಸಿ ಹೇಳಿದ್ದಳು. ಹೊರಗಿನಿಂದ ಬಂದ ಕಡ್ಡಿಯನ್ನು ಯಾರಾದರೂ ನೆಟ್ಟರೆ ಅದು ಅಲ್ಲಿಯ ಮಣ್ಣಿನಲ್ಲಿ ಬೇರು ಬಿಡಬಾರದು.

ಪಿಳ್ಳಮ್ಮನ ನಿದ್ದೆ ಕೆಡಿಸಿದ್ದ ಭಯವೂ ಅದೇ. ಹುಡುಗಿ ಎಷ್ಟು ಬೇಕಾದರೂ ಓದಲಿ, ಆದರೆ ಹೋದವಳು ಅಲ್ಲಿಯೇ ಉಳಿದುಬಿಟ್ಟರೆ? ಹೊಸೂರು ಕೋರ್ಟಿನ ಮೆಟ್ಟಿಲ ಮೇಲೆ ಕರಿಕೋಟು ಹಾಕಿಕೊಂಡ ಚಂದ್ರಲೇಖಾಳನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಅವಳಿಗೆ ಬಲು ಆಸೆ. ಬಾಯಿಬಿಟ್ಟು ಹೇಳಿದರೆ ಮಗುವಿನ ದಾರಿಗೆ ಅಡ್ಡ ನಿಂತಂತಾಗುತ್ತದೆಂದು ನುಂಗಿಕೊಂಡಿದ್ದಳು.

"ಅಜ್ಜೀ, ಹತ್ತು ನಿಮಿಷ ಆಗೋಯ್ತು. ಮೊದ್ಲು ಒಂದು ಮಾತು ಕೇಳು, ಎರಡು ದೇಶಕ್ಕೂ ಒಂದು ವ್ಯತ್ಯಾಸ ಐತೆ..."

"ವ್ಯತ್ಯಾಸ ನಂಗೊತ್ತಿಲ್ವಾ? ಹದಿನಾಲ್ಕು ವರ್ಸದಿಂದ ಇದೇ ಕೈಯಾಗೆ ಹೂ ಕಳಿಸ್ತಾ ಇವ್ನಿ." ಪಿಳ್ಳಮ್ಮ ಟಬ್ಬಿನ ಕಡೆ ನೋಡಿದಳು. ಒಂದು ಗುಲಾಬಿ ಕಡ್ಡಿಯನ್ನೇ ಬೇರೂರಲು ಬಿಡದವರು ಬಾಗಲೂರಿನ ಹುಡುಗಿಯನ್ನು ಬಿಡುತ್ತಾರೆಯೇ? ಓದು ಮುಗಿಯುತ್ತಲೇ ವಾಪಸ್ಸು ಕಳಿಸಿಯೇ ಕಳಿಸುತ್ತಾರೆ. "ಆಸ್ಟ್ರೇಲಿಯಾಕ್ಕೇ ಹೋಗವ್ವ."

ಚಂದ್ರಲೇಖಾ ಬೆಚ್ಚಿದವಳಂತೆ ನೋಡಿದಳು. "ದಿಟವಾಗ್ಲೂ? ಯೋಚ್ನೆ ಮಾಡಿ ಹೇಳ್ತಿದ್ದೀಯಾ?"

"ಎರಡು ರಾತ್ರಿಯಿಂದ ಅದೇ ಮಾಡ್ತಿರೋದು. ಒತ್ತು, ಟೈಮಾಯ್ತದೆ."

ಹುಡುಗಿ ಫೋನು ಎತ್ತಿ ಹಿಡಿದಳು. ಕಣ್ಣು ಮುಚ್ಚಿಕೊಂಡು ಒತ್ತಿದಳು. ಫೋನು ಟಿಂಗ್ ಎಂದಿತು. ಮರುಕ್ಷಣವೇ ಹೆಲ್ಮೆಟ್ಟಿನ ಸಮೇತ ಬಂದು ಅಜ್ಜಿಯ ಹೆಗಲಿಗೆ ಬಿದ್ದಳು.

"ನೀನು ಒಪ್ಪಾಕಿಲ್ಲ ಅಂದ್ಕೊಂಡಿದ್ದೆ ಅಜ್ಜಿ! ಆ ಇಂಗ್ಲೆಂಡ್ ಕಾಲೇಜಲ್ಲಿ ಓದಿದ್ರೆ, ಇಲ್ಲಿಗೆ ಬಂದು ಒಂದು ಪರೀಕ್ಷೆ ಬರೆದು ಹೊಸೂರಲ್ಲೇ ವಕೀಲಿ ಮಾಡ್ಬೋದಿತ್ತು. ಈ ಆಸ್ಟ್ರೇಲಿಯಾ ಕಾಲೇಜಿನ ಓದು ನಮ್ಮ ದೇಶದಾಗೆ ನಡ್ಯಾಕಿಲ್ಲ. ಅಲ್ಲೇ ಕೋರ್ಟು, ಅಲ್ಲೇ ಬದುಕು. ನಂಗೂ ಅದೇ ಆಸೆ ಇತ್ತು, ನಿನ್ನ ಮುಂದೆ ಹೇಳಾಕೆ ಭಯ. ಎಲ್ಲಾ ಗೊತ್ತಿದ್ದೂ ನೀನೇ ಕಳಿಸ್ಕೊಟ್ಯಲ್ಲ!"

ಪಿಳ್ಳಮ್ಮ ಫೋನಿನ ಕಡೆ ನೋಡಿದಳು. ಅಳಿಸು ಅನ್ನೋಣವೆಂದರೆ ಅಳಿಸುವಂತಿಲ್ಲ. ಬೈಯೋಣವೆಂದರೆ ಮಾತಿಗೆ ಮೊದಲು ಬಾಯಿ ಮುಚ್ಚಿಸಿದ್ದು ತಾನೇ. ಎರಡು ದಿನದ ಮೇಲೆ ಆ ಮುಖದಲ್ಲಿ ನಗು ಬಂದಿತ್ತು, ಅದನ್ನು ಕೆಡಿಸುವ ಧೈರ್ಯವೂ ಅವಳಿಗೆ ಬರಲಿಲ್ಲ.

"ಮನೇಗೋಗಿ ಏನಾನ ತಿನ್ನು, ಹೋಗವ್ವ" ಎಂದಳು.

ಸ್ಕೂಟರಿನ ಸದ್ದು ತೋಟದ ಗೇಟು ದಾಟಿ ಹೋಯಿತು. ಗೋಡೆಯ ಅಲಾರಂ ಬಡಿದುಕೊಂಡಿತು. ಪಿಳ್ಳಮ್ಮ ಕೈಗವಸು ತೊಟ್ಟ ಕೈಯನ್ನು ಟಬ್ಬಿಗೆ ಇಳಿಸಿ ಒಂದು ಕಂತೆಯನ್ನು ಹಿಡಿದಳು. ಶೆಡ್ಡಿನ ಆ ತುದಿಯಿಂದ ವನಿತಾ ತನ್ನ ತಮಿಳು ಬೆರೆತ ಕನ್ನಡದಲ್ಲಿ ಅಜ್ಜಿಯನ್ನು ಕೂಗಿದಳು:

"ಪಾಟೀ, ಟೈಮಾಯ್ತು, ಹೂ ಎತ್ತಿ!"

"ಇನ್ನೊಂದು ಗಳಿಗೆ ನೆನೀಲಿ ತಾಯಿ" ಎಂದು ಪಿಳ್ಳಮ್ಮ ಆ ಕಂತೆಯನ್ನು ಇನ್ನಷ್ಟು ಕೆಳಕ್ಕೆ ಒತ್ತಿ ಹಿಡಿದಳು.