ಮೈಸೂರಿಗೆ ಒಂದೇ ಸೀಟು

ರವಿಕಿರಣ್ ಕರ್ಚೀಫನ್ನು ಮಡಿಸಿ ಬಾಯಿಗೆ ಅದುಮಿಕೊಂಡ. ದನಿ ತಗ್ಗಿಸಿದ.

"ಗಂಗಹನುಮಯ್ಯನೋರಾ? ನಿಮ್ಮ ಹುಡ್ಗಿ ಕೋಮಲಾ ಸ್ಪೆಷಲ್ ಕ್ಲಾಸು ಅಂತ ಎಲ್ಲಿಗೋಗ್ತಾಳೆ, ಒಸಿ ವಿಚಾರ್ಸಿ. ಕೆರೆ ಏರಿ ಮೇಲೆ ದಿನಾ ಒಬ್ಬ ಹುಡ್ಗನ ಜೊತೆ ನಿಂತಿರ್ತಾಳೆ."

"ಯಾರ್ಲಾ ನೀನು? ಯಾರವ್ನು ಹುಡ್ಗ?"

"ಹೆಸ್ರು ಗೊತ್ತಿಲ್ಲ. ಅವ್ಳನ್ನೇ ಕೇಳಿ."

ಕಟ್ ಮಾಡಿದ. ಫೋನು ಅವನದಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಅವನಪ್ಪನದು ಮೊಬೈಲ್ ರಿಪೇರಿ ಅಂಗಡಿ. ಯಾರೋ ಗಿರಾಕಿ ಬಿಟ್ಟುಹೋಗಿದ್ದ ಫೋನು. ಕರೆಯ ಗುರುತು ಅಳಿಸಿ ಅದನ್ನು ಮತ್ತೆ ಡ್ರಾಯರಿಗೆ ಹಾಕಿದ.

ಹುಡುಗ ಅಂತ ಯಾರೂ ಇರಲಿಲ್ಲ. ಕೋಮಲಾಗೆ ಸ್ಕೂಲು ಬಿಟ್ಟರೆ ಮನೆ, ಮನೆ ಬಿಟ್ಟರೆ ಸ್ಕೂಲು. ಎಂಟನೇ ಕ್ಲಾಸಿನಿಂದ ಅವಳು ಫಸ್ಟು, ರವಿಕಿರಣ್ ಸೆಕೆಂಡು. ಹತ್ತಕ್ಕೆ ಬಂದರೂ ಈ ಲೆಕ್ಕ ತಪ್ಪಿರಲಿಲ್ಲ. ಅವನಿಗೆ ಕಾಮಾಲೆಯಾಗಿ ಮಲಗಿದ್ದಾಗ ನೋಟ್ಸು ಕಳಿಸಿದವಳೂ ಅವಳೇ. ಅದಕ್ಕೇ ಅವಳನ್ನು ಕಂಡರೆ ಇನ್ನಷ್ಟು ಉರಿ. ಕ್ವಿಜ್‌ನಲ್ಲಿ ಇಬ್ಬರದೂ ಒಂದೇ ಟೀಮು. ಪಕ್ಕಪಕ್ಕ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಉತ್ತರ ಪಿಸುಗುಟ್ಟಿಕೊಂಡು, ತುಮಕೂರಿನಲ್ಲಿ ಜಿಲ್ಲಾ ಮಟ್ಟದ ಕಪ್ಪು ಗೆದ್ದಿದ್ದರು. ಕಪ್ಪು ಇಬ್ಬರದು, ಹೊಗಳಿಕೆ ಮಾತ್ರ ಅವಳಿಗೆ.

ಈಗ ಮೈಸೂರಿನ ವಿಜ್ಞಾನ ಶಿಬಿರ. ಸ್ಕೂಲಿಗೆ ಒಂದೇ ಸೀಟು. ಕ್ಲಾಸ್ ಟೀಚರ್ ಮಾಲಿನಿ ಮಿಸ್ ಪ್ರೇಯರಿನಲ್ಲಿ ಹೇಳಿದ್ದು ಕೋಮಲಾ ಹೆಸರು.

ಸೋಮವಾರ ಕೋಮಲಾ ಬರಲಿಲ್ಲ. ಆಮೇಲೂ ಬರಲಿಲ್ಲ. ಮಾಲಿನಿ ಮಿಸ್ ಅವಳ ಮನೆಗೆ ಹೋಗಿ ಬಂದರು. "ಹುಷಾರಿಲ್ಲ" ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗಿದರು. ಅವಳ ಬೀದಿಯಲ್ಲೇ ಇದ್ದ ಸುಶ್ಮಿತಾ ಮಾತ್ರ ಎಲ್ಲ ತಿಳಿದುಕೊಂಡು ಬಂದಳು.

"ಅವ್ರಪ್ಪ ಬೆಲ್ಟಲ್ಲಿ ಹೊಡ್ದವ್ರೆ ಕಣೋ. ಪುಸ್ತಕ ಎಲ್ಲ ಒಲೆಗಾಕವ್ರೆ. ಹುಡ್ಗ ಯಾರು ಅಂದ್ರೆ ಬಾಯೇ ಬಿಡ್ತಿಲ್ವಂತೆ."

ಇಲ್ಲದ ಹುಡುಗನ ಹೆಸರು ಎಲ್ಲಿಂದ ತಂದಾಳು? ರವಿಕಿರಣ್‌ಗೆ ನಗು ಬಂತು. ಕೆಮ್ಮಿದಂತೆ ಮಾಡಿ ನುಂಗಿಕೊಂಡ.

"ನಿನ್ನ ಹೆಸ್ರು ಕಳಿಸ್ತಿದೀನಿ ರವಿ," ಎಂದರು ಮಾಲಿನಿ ಮಿಸ್. "ಕೋಮಲಾ ಬಿಟ್ರೆ ನೀನೇ ಅಲ್ವಾ?"

'ಬಿಟ್ರೆ' ಅನ್ನುವುದೊಂದು ಚುಚ್ಚಿತು. ಆದರೂ ಮೈಸೂರಿಗೆ ಹೋದ. ಅಲ್ಲಿ ಚೆನ್ನಾಗಿಯೇ ಮಾಡಿದ, ಮೆಡಲು ಬಂತು. ತಿರುಗಿ ಬರುವಷ್ಟರಲ್ಲಿ ಗೇಟಿನ ಮೇಲೆ ಅವನ ಫೋಟೋದ ಫ್ಲೆಕ್ಸು. ಪ್ರಿಪರೇಟರಿಯಲ್ಲೂ ಅವನೇ ಫಸ್ಟು. ಅವನಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಡ ಹಂಚಿದ.

ಒಂದು ಮಧ್ಯಾಹ್ನ ಗಂಗಹನುಮಯ್ಯ ಸ್ಕೂಲಿಗೆ ಬಂದ. ವಸಂತನರಸಾಪುರದ ಫ್ಯಾಕ್ಟರಿಯ ಯೂನಿಫಾರಂ ಇನ್ನೂ ಮೈಮೇಲಿತ್ತು. ಸ್ಟಾಫ್ ರೂಮಿಗೆ ಕರೆಸಿದಾಗ ರವಿಕಿರಣ್ ಪುಸ್ತಕ ಮುಚ್ಚಿಟ್ಟು ಎದ್ದ. ನಂಬರು ಹಿಡಿದು ಬಂದನೇ? ಆ ಫೋನನ್ನು ಅದರ ಯಜಮಾನ ಎಂದೋ ಒಯ್ದಿದ್ದ. 'ಯಾವ ಫೋನು ಅಂಕಲ್, ನಂಗೊತ್ತೇ ಇಲ್ಲ.' ಮೆಟ್ಟಿಲು ಹತ್ತುತ್ತಾ ಮನಸ್ಸಿನಲ್ಲೇ ಹೇಳಿ ನೋಡಿಕೊಂಡ.

ಗಂಗಹನುಮಯ್ಯ ಫೋನಿನ ಮಾತೇ ಎತ್ತಲಿಲ್ಲ.

"ನೀನೇನಪ್ಪ ರವಿಕಿರಣ್ ಅಂದ್ರೆ? ನಮ್ಮುಡ್ಗಿ ಪರೀಕ್ಷೆ ಕಟ್ತೀನಿ ಅಂತವ್ಳೆ. ನಿನ್ನ ನೋಟ್ಸು ಬೇಕಂತೆ, ನಿನ್ನೇ ಕರ್ಕೊಂಬಾ ಅಂದ್ಲು."

"ಹೋಗ್ಬಾ ರವಿ," ಎಂದರು ಮಾಲಿನಿ ಮಿಸ್. ಅವರ ಕಣ್ಣು ಒದ್ದೆಯಾಗಿತ್ತು. "ಅವಳು ಪರೀಕ್ಷೆಗೆ ಕೂತ್ರೆ ಅಷ್ಟೇ ಸಾಕು."

ಬೈಕಿನ ಹಿಂದೆ ಕೂತ ರವಿಕಿರಣ್‌ಗೆ ಮೈ ಹಗುರಾಯಿತು. ನೋಟ್ಸು ತಾನೇ? ಕೊಟ್ಟರಾಯಿತು. ಇಷ್ಟು ಹಿಂದೆ ಬಿದ್ದವಳು ಇನ್ನೆಲ್ಲಿ ಓಡಿ ಬಂದಾಳು.

"ಎಷ್ಟ್ ವರ್ಷದ ಪರಿಚಯ?" ಗಂಗಹನುಮಯ್ಯ ತಿರುಗದೆ ಕೇಳಿದ.

"ಎಂಟನೇ ಕ್ಲಾಸಿಂದ ಅಂಕಲ್."

"ಜೊತೇಲಿ ತುಮ್ಕೂರ್ಗೆಲ್ಲ ಹೋಗಿದ್ರಂತೆ?"

"ಹೂಂ ಅಂಕಲ್. ಕ್ವಿಜ್‌ಗೆ."

ಬೈಕಿನ ವೇಗ ಹೆಚ್ಚಿತು.

ಮನೆಯೊಳಗೆ ಕೋಮಲಾಳ ಇಬ್ಬರು ಚಿಕ್ಕಪ್ಪಂದಿರು ಕೂತಿದ್ದರು. ಕುಣಿಗಲ್ಲಿನಿಂದ ಬಂದವರಂತೆ. ರವಿಕಿರಣ್ ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆಯ ಮೇಲೆ ಕೂತು, ಬ್ಯಾಗಿನಿಂದ ನೋಟ್ಸು ತೆಗೆದ. ಕೋಮಲಾ ನೀರು ತಂದಳು. ಅವಳ ಜಡೆ ಇರಲಿಲ್ಲ. ಯಾರೋ ಕತ್ತರಿ ಹಿಡಿದು ಸಿಕ್ಕಸಿಕ್ಕ ಕಡೆ ಕತ್ತರಿಸಿದ್ದರು. ಅವನು ಕಣ್ಣು ತಗ್ಗಿಸಿ ಲೋಟ ಈಸಿಕೊಂಡ.

"ಇವ್ನೇನಾ?" ಗಂಗಹನುಮಯ್ಯ ಕೇಳಿದ.

"ಹೂಂ ಅಪ್ಪಾ. ಇವ್ನೇ."

ಚಿಕ್ಕಪ್ಪನೊಬ್ಬ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದ.

"ಅಷ್ಟು ಹೊಡ್ದ್ರೂ ಬಾಯಿ ಬಿಟ್ಟಿರ್ಲಿಲ್ಲ," ಎಂದ ಗಂಗಹನುಮಯ್ಯ, ಸೊಂಟದ ಬೆಲ್ಟು ಬಿಚ್ಚುತ್ತಾ. "ನೆನ್ನೆ ಬಿಟ್ಲು. ಕೆರೆ ಏರಿ ಮೇಲೆ ನಿಂತ್ಕೊತಿದ್ದ ಹುಡ್ಗ ನೀನೇ ಅಂತ."

ಲೋಟ ಉರುಳಿತು. ನೋಟ್ಸು ಒದ್ದೆಯಾದವು.

"ಇಲ್ಲ ಅಂಕಲ್! ಸುಳ್ಳು! ಹುಡ್ಗ ಅಂತ ಯಾರೂ ಇರ್ಲೇ ಇಲ್ಲ ಅಂಕಲ್!"

"ಇರ್ಲಿಲ್ಲ ಅಂತ ನಿಂಗೆಂಗ್ಲಾ ಗೊತ್ತು?"

ಗೊತ್ತಿದ್ದ ಉತ್ತರವನ್ನು ಹೇಳಲಾಗದೆ ರವಿಕಿರಣ್ ಕೂತದ್ದು ಅದೇ ಮೊದಲು.

ಲೋಟ ಎತ್ತಿಕೊಳ್ಳಲು ಬಗ್ಗಿದ ಕೋಮಲಾ ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಅವತ್ತು ಫೋನ್ ಬಂದಾಗ ಅಪ್ಪ ಸ್ಪೀಕರ್ ಹಾಕಿದ್ರು ಕಣೋ."